ಗೊರವಂಕದ ಕಣ್ಣಿಗೆ ಅರಿಶಿನ ಹತ್ತಿದ ಕತೆ

ಲೋಕ ಇನ್ನೂ ಹಸಿಯಾಗಿದ್ದ ಕಾಲ ಅದು. ಯಾರು ಎಲ್ಲಿ ಕೂರಬೇಕು ಎಂದು ಬೆಟ್ಟಗಳು ಇನ್ನೂ ಜಗಳವಾಡುತ್ತಿದ್ದವು. ನದಿಗೆ ತನ್ನ ದಾರಿ ಬಾಯಿಪಾಠವಾಗಿರಲಿಲ್ಲ. ಒಂದು ದಿನ ಬಲಕ್ಕೆ ಹರಿದರೆ ಮರುದಿನ ಎಡಕ್ಕೆ ಹರಿಯುತ್ತಿತ್ತು. ಹಕ್ಕಿಗಳಿಗೆ ಬಣ್ಣ ಹಂಚಿಯೂ ಮುಗಿದಿರಲಿಲ್ಲ. ಗಿಳಿಯ ಮೈ ಹಸಿರೇನೋ ಆಗಿತ್ತು, ಕೊಕ್ಕು ಮಾತ್ರ ಒಣಗಿದ ಜೋಳದ ಬಣ್ಣ. ಗೊರವಂಕವಂತೂ ತಲೆಯಿಂದ ಉಗುರಿನವರೆಗೂ ಬರೀ ಕಂದು.

ಗೊರವಂಕ ಗೊತ್ತಲ್ಲ? ಮೈನಾ ಅನ್ನುತ್ತೀರಲ್ಲ, ಅದೇ. ನಮ್ಮ ಅಂಗಳದಲ್ಲಿ ಮನೆ ಯಜಮಾನಿಯ ಹಾಗೆ ಓಡಾಡುತ್ತದಲ್ಲ, ಅದೇ.

ಇದು ಹೊಟ್ಟೆಕಿಚ್ಚಿನ ಕತೆ. ನಾನು ಏಳು ಮಕ್ಕಳಲ್ಲಿ ಮೊದಲನೆಯವಳು. ನನ್ನ ಹಿಂದೆ ಆರು ಜನ ಒಬ್ಬರಾದ ಮೇಲೊಬ್ಬರು ಬಂದು ನಮ್ಮವ್ವನ ಮಡಿಲಲ್ಲಿ ಕೂತರು. ಹಾಗಾಗಿ ಹೊಟ್ಟೆಕಿಚ್ಚು ಅಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೀನು ಸುಮ್ಮನೆ ಕೇಳು.

ಆ ನದಿಯ ದಡದಲ್ಲಿ ದುಂಡವ್ವ ಎಂಬ ಹೆಂಗಸು ಅರಿಶಿನ ಬೆಳೆಯುತ್ತಿದ್ದಳು. ಗೆಡ್ಡೆ ಅಗೆಯುತ್ತಿದ್ದಳು, ತೊಳೆಯುತ್ತಿದ್ದಳು, ದೊಡ್ಡ ಕೊಪ್ಪರಿಗೆಯಲ್ಲಿ ಬೇಯಿಸುತ್ತಿದ್ದಳು, ಬಿಸಿಲಿಗೆ ಹರವುತ್ತಿದ್ದಳು. ಒಣಗಿದ ಮೇಲೆ ಕಲ್ಲಿಗೆ ಉಜ್ಜಿ ಉಜ್ಜಿ ಹೊಳಪು ಬರಿಸುತ್ತಿದ್ದಳು. ಯಾರಿಗೆ ಗಾಯವಾದರೂ ಅವಳ ಹತ್ತಿರ ಬರುತ್ತಿದ್ದರು. ಮುಳ್ಳು ತುಳಿದ ಜಿಂಕೆ ಬರುತ್ತಿತ್ತು, ಕಿವಿ ಹರಿದುಕೊಂಡ ಮೊಲ ಬರುತ್ತಿತ್ತು. ದುಂಡವ್ವ ಅರಿಶಿನ ಅರೆದು ಹಚ್ಚಿ, "ಹೋಗು, ಮೂರು ದಿನಕ್ಕೆ ವಾಸಿಯಾಯ್ತದೆ" ಅನ್ನುತ್ತಿದ್ದಳು. ಬಂದವರು ವಾಸಿಯಾಗಿ ಹೋಗುತ್ತಿದ್ದರು.

ಹೋಗದೆ ಉಳಿದದ್ದು ಗೊರವಂಕ ಒಂದೇ. ಅದಕ್ಕೆ ಯಾವ ಗಾಯವೂ ಆಗಿರಲಿಲ್ಲ. ಒಂದು ದಿನ ದುಂಡವ್ವನ ಬಲ ಭುಜದ ಮೇಲೆ ಬಂದು ಕೂತಿತು, ಹಿತವಾಗಿತ್ತು, ಅಲ್ಲೇ ಉಳಿಯಿತು. ಅವಳು ಅಗೆದರೆ ಮಣ್ಣಿನಿಂದ ಹುಳು ಆರಿಸಿ ತಿನ್ನುತ್ತಿತ್ತು. ಕೇಳಿದ ದನಿಯನ್ನೆಲ್ಲ ಹಾಗೆ ಹಾಗೆಯೇ ಅನುಕರಿಸಿ ಅವಳನ್ನು ನಗಿಸುತ್ತಿತ್ತು. ಕಪ್ಪೆಯ ಹಾಗೆ ವಟಗುಟ್ಟುತ್ತಿತ್ತು, ಕೊಪ್ಪರಿಗೆ ಕುದಿಯುವ ಹಾಗೆ ಗೊಳಗೊಳ ಅನ್ನುತ್ತಿತ್ತು. ದುಂಡವ್ವ ನಕ್ಕರೆ ಭುಜ ಕುಣಿಯುತ್ತಿತ್ತು, ಭುಜ ಕುಣಿದರೆ ಗೊರವಂಕವೂ ಕುಣಿಯುತ್ತಿತ್ತು.

"ಈ ಭುಜ ಯಾರದು?" ಎಂದು ಗೊರವಂಕ ದಿನಾ ಕೇಳುತ್ತಿತ್ತು.

"ನಿಂದೇ ಕಣವ್ವ" ಎಂದು ದುಂಡವ್ವ ದಿನಾ ಹೇಳುತ್ತಿದ್ದಳು.

ಹೀಗಿರುವಾಗ ಒಂದು ದಿನ ಗಾಳಿ ಏದುಸಿರು ಬಿಡುತ್ತ ಬಂತು. ಅದರ ಬೆನ್ನ ಮೇಲೆ ಒಂದು ಗಿಳಿ ಇತ್ತು. ಗಿಳಿ ಅರಿಶಿನದ ಹೊಲದಲ್ಲಿ ದೊಪ್ಪನೆ ಬಿತ್ತು.

"ಮೇಲ್ದಂಡೆಯ ಗುಡುಗಯ್ಯನ ಮನೆಯಿಂದ ತಪ್ಪಿಸಿಕೊಂಡು ಬಂದಿದೆ" ಎಂದಿತು ಗಾಳಿ. "ಆ ಮನುಷ್ಯನಿಗೆ ತನ್ನ ಹೆಸರು ಹೇಳುವ ಹಕ್ಕಿ ಬೇಕಿತ್ತಂತೆ. ಇದರ ಕತ್ತಿಗೆ ಕತ್ತಾಳೆ ನಾರು ಕಟ್ಟಿ, 'ನುಡಿಯೋ! ನನ್ನ ಹೆಸರ ನುಡಿಯೋ!' ಎಂದು ದಿನವಿಡೀ ಅರಚುತ್ತಿದ್ದ. ನುಡಿಯದಿದ್ದಾಗಲೆಲ್ಲ ನಾರನ್ನು ಜಗ್ಗುತ್ತಿದ್ದ. ಇದು ಆ ನಾರನ್ನು ಕಡಿದುಕೊಂಡು ಬಂದಿದೆ. ಕತ್ತಿನ ಸುತ್ತ ಇರುವ ತುಂಡು ಮಾತ್ರ ಇದರ ಕೊಕ್ಕಿಗೆ ಎಟುಕುವುದಿಲ್ಲ."

ದುಂಡವ್ವ ಬಗ್ಗಿ ನೋಡಿದಳು. ನಾರು ಕತ್ತಿನ ಗರಿಗಳೊಳಗೆ ಇಳಿದು ಚರ್ಮ ಕೊರೆದಿತ್ತು. ಸುತ್ತಲೂ ಊದಿಕೊಂಡಿತ್ತು.

ನದಿಯೂ ಇಣುಕಿ ನೋಡಿತು. "ಹುಣ್ಣಿಮೆಯೊಳಗೆ ಆ ನಾರು ಬಿಚ್ಚಬೇಕು ದುಂಡವ್ವಾ. ಇಲ್ಲದಿದ್ದರೆ ಗಂಟಲು ಮುಚ್ಚಿಹೋಗುತ್ತದೆ, ಗಿಳಿ ಉಳಿಯುವುದಿಲ್ಲ" ಎಂದಿತು.

ಹುಣ್ಣಿಮೆಗೆ ಹದಿನೈದು ದಿನ ಇತ್ತು. ದುಂಡವ್ವ ಕೈ ಚಾಚಿದಳು. ಗಿಳಿ ಕಚ್ಚಿತು. ಕೈ ಕಂಡರೆ ಸಾಕು, ಅದರ ಕಣ್ಣು ಬೆಂಕಿಯಾಗುತ್ತಿತ್ತು. ಬಟ್ಟೆ ಹಾಕಿ ಹಿಡಿಯಬಹುದಿತ್ತು ಎಂದು ನೀನು ಹೇಳಬಹುದು. ದುಂಡವ್ವನೂ ಯೋಚಿಸಿದಳು. ಆದರೆ ಹಿಡಿದರೆ ಹೆದರಿ ಒದ್ದಾಡುತ್ತದೆ, ಒದ್ದಾಡಿದರೆ ನಾರು ಇನ್ನೂ ಬಿಗಿಯುತ್ತದೆ. ಅದಾಗಿಯೇ ಕತ್ತು ಬಗ್ಗಿಸಿ ಕೊಡಬೇಕು. ಬೇರೆ ದಾರಿ ಇರಲಿಲ್ಲ.

ಅವಳು ಹನ್ನೆರಡು ಗೇಣಿನ ಬಿದಿರುಕಡ್ಡಿ ತಂದಳು. ಅದರ ತುದಿಗೆ ಅತ್ತಿಹಣ್ಣು ಚುಚ್ಚಿದಳು. ಗಿಳಿಗೆ ಬೆನ್ನು ಮಾಡಿ ಕೂತು, ಕಡ್ಡಿಯನ್ನು ಹಿಂದಕ್ಕೆ ಚಾಚಿ, ತನ್ನ ಪಾಡಿಗೆ ತಾನು ಅರಿಶಿನ ಉಜ್ಜತೊಡಗಿದಳು. ಮಾತಿಲ್ಲ, ಕತೆಯಿಲ್ಲ. ಸಂಜೆಯ ಹೊತ್ತಿಗೆ ಹಣ್ಣು ಖಾಲಿಯಾಗಿತ್ತು.

ಮರುದಿನ ಕಡ್ಡಿಯಿಂದ ಒಂದು ಗೇಣು ಮುರಿದು ಎಸೆದಳು. ಅದರ ಮರುದಿನ ಇನ್ನೊಂದು ಗೇಣು. ದಿನಕ್ಕೊಂದು ಗೇಣು ಕಡ್ಡಿ ಕಿರಿದಾಯಿತು, ದಿನಕ್ಕೊಂದು ಗೇಣು ಗಿಳಿ ಹತ್ತಿರವಾಯಿತು.

ಗೊರವಂಕ ಮೊದಲ ದಿನ ಮೂಗು ಮುರಿಯಿತು. ಎರಡನೆಯ ದಿನ ಹುಳು ತಿನ್ನಲಿಲ್ಲ. ಮೂರನೆಯ ದಿನ ಕಪ್ಪೆಯ ಹಾಗೆ ವಟಗುಟ್ಟಿತು. ದುಂಡವ್ವ ನಗಲಿಲ್ಲ. "ಶ್! ಅದು ಬೆದರ್ತದೆ" ಎಂದಳು. ಗೊರವಂಕವನ್ನು ಭುಜದಿಂದ ಎತ್ತಿ ಪಕ್ಕದ ಕೊಂಬೆಯ ಮೇಲೆ ಕೂರಿಸಿದಳು.

ಆರನೆಯ ದಿನ ಅದು ಕುಂಟುತ್ತ ಬಂತು. "ಅವ್ವಾ, ನನ್ನ ಕಾಲು ಉಳುಕಿದೆ" ಎಂದಿತು. ಕಾಲಿಗೆ ಏನೂ ಆಗಿರಲಿಲ್ಲ ಅನ್ನು.

"ಅಯ್ಯೋ, ಹೌದಾ? ಸಂಜೀಕೆ ನೋಡ್ತೀನಿ ಬುಡವ್ವ" ಎಂದಳು ದುಂಡವ್ವ, ಕಡ್ಡಿಯಿಂದ ಕೈ ತೆಗೆಯದೆ.

ಸಂಜೆಯಾಯಿತು. ಗೊರವಂಕ ಕುಂಟುತ್ತ ಅವಳ ಮುಂದೆ ಎರಡು ಸಲ ಹಾದುಹೋಯಿತು. ದುಂಡವ್ವ ಗಿಳಿ ಎಷ್ಟು ಹಣ್ಣು ತಿಂದಿದೆ ಎಂದು ನೋಡುತ್ತಿದ್ದಳು. ಕಾಲಿನ ವಿಷಯ ಅವಳಿಗೆ ಮರೆತೇಹೋಗಿತ್ತು.

ಗೊರವಂಕ ನದಿಯ ಹತ್ತಿರ ಹೋಗಿ ಅತ್ತಿತು. "ಅವ್ವನಿಗೆ ಈಗ ನಾನು ಬೇಡ, ಆ ಕಚ್ಚುಬುರುಕ ಬೇಕು!"

"ದಿನಾ ಎಷ್ಟು ಜನ ನನ್ನ ನೀರು ಕುಡೀತಾರೆ. ನಾನೇನು ಬತ್ತಿಹೋದ್ನಾ?" ಎಂದಿತು ನದಿ.

"ನೀನು ನದಿ, ನಿನಗೇನು? ಅವ್ವನಿಗಿರೋದು ಎರಡೇ ಭುಜ."

"ಎರಡಿದೆಯಲ್ಲ, ಸಾಕಲ್ಲ."

"ಎಡದ ಭುಜದ ಮೇಲೆ ಗುದ್ದಲಿ ಹೊರ್ತಾಳೆ!" ಎಂದು ಗೊರವಂಕ ಕಿರುಚಿತು. ನದಿ ತನ್ನ ಪಾಡಿಗೆ ಹರಿಯಿತು.

ಗಿಳಿ ಮಧ್ಯಾಹ್ನ ತೂಕಡಿಸುವಾಗ ಕನಸಿನಲ್ಲಿ ಬೆಚ್ಚಿಬೀಳುತ್ತಿತ್ತು. 'ನುಡಿಯೋ, ನುಡಿಯೋ' ಎಂದು ಒರಟಾಗಿ ಕನವರಿಸುತ್ತಿತ್ತು. ಅದು ಗುಡುಗಯ್ಯನ ದನಿ. ಪಕ್ಕದ ಕೊಂಬೆಯಲ್ಲಿ ಕೂತು ಗೊರವಂಕ ಕೇಳಿಸಿಕೊಂಡಿತು. ಒಂದು ಸಲ ಕೇಳಿತು, ಎರಡು ಸಲ ಕೇಳಿತು. ದನಿ ಗಂಟಲಿಗೆ ಬಂತು. ಹೊಟ್ಟೆಕಿಚ್ಚು ಪಟ್ಟವರಿಗೆ ಕೆಟ್ಟ ಪಾಠ ಬಹಳ ಬೇಗ ಬಾಯಿಗೆ ಬರುತ್ತದೆ, ನನ್ನನ್ನು ಕೇಳು.

ಹದಿಮೂರನೆಯ ದಿನ ಬಂತು. ಕಡ್ಡಿ ಮುಗಿದಿತ್ತು. ದುಂಡವ್ವ ಅತ್ತಿಹಣ್ಣನ್ನು ಬೆರಳ ತುದಿಯಲ್ಲಿ ಹಿಡಿದು ಕೈ ಹಿಂದಕ್ಕೆ ಚಾಚಿದಳು. ಗಿಳಿ ಒಂದು ಹೆಜ್ಜೆ ಇಟ್ಟಿತು. ನಿಂತಿತು. ಇನ್ನೊಂದು ಹೆಜ್ಜೆ ಇಟ್ಟಿತು. ಕೊಕ್ಕು ಬೆರಳಿಗೆ ತಾಗಿತು.

"ನುಡಿಯೋ! ನನ್ನ ಹೆಸರ ನುಡಿಯೋ!"

ಪೊದೆಯ ಹಿಂದಿನಿಂದ ಗೊರವಂಕ ಕೂಗಿತ್ತು. ಥೇಟ್ ಗುಡುಗಯ್ಯನೇ ಬಂದು ನಿಂತ ಹಾಗಿತ್ತು.

ಗಿಳಿ ಕಣ್ಣು ಮುಚ್ಚಿ ಬೆರಳನ್ನು ಕಚ್ಚಿ ಹಿಡಿಯಿತು. ಮೂಳೆಗೆ ತಾಗುವ ಹಾಗೆ ಕಚ್ಚಿತು. ಈಗ ಜಗ್ಗುತ್ತಾರೆ, ಈಗ ನಾರು ಕೊರೆಯುತ್ತದೆ ಎಂದು ಕಾಯುತ್ತಿತ್ತು.

ಯಾರೂ ಜಗ್ಗಲಿಲ್ಲ.

"ಕಚ್ಚು ಕಂದ, ಕಚ್ಚು" ಎಂದಳು ದುಂಡವ್ವ. ಅವಳ ಕಣ್ಣಲ್ಲಿ ನೀರು ತುಂಬಿತ್ತು. "ನಾ ಅವನಲ್ಲ ಕಣಪ್ಪ. ನಾ ಕೈ ಎಳ್ಕೊಳಲ್ಲ." ಇನ್ನೊಂದು ಕೈಯಿಂದ ಅರಿಶಿನದ ಪುಡಿ ತೆಗೆದು, ತಾನು ವೀಳ್ಯದೆಲೆಗೆ ಹಚ್ಚಿಕೊಳ್ಳುವ ಸುಣ್ಣವನ್ನು ಕರಟದಿಂದ ತೆಗೆದು ಕಲಸಿ, ರಕ್ತ ನಿಲ್ಲಲೆಂದು ಗಾಯದ ಸುತ್ತ ಮೆತ್ತಿದಳು. ಗಿಳಿ ಬಿಟ್ಟಿರಲೇ ಇಲ್ಲವಲ್ಲ, ಬೆರಳಿಗೂ ಕೊಕ್ಕಿಗೂ ಸೇರಿಸಿಯೇ ಮೆತ್ತಿದಳು. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುತ್ತದೆ, ನೀನು ಆರತಿ ತಟ್ಟೆಯಲ್ಲಿ ನೋಡಿದ್ದೀಯ. ಗಿಳಿಯ ಕೊಕ್ಕು ಅಂದು ಕೆಂಪಾದದ್ದು ಹಾಗೆ.

ಗಿಳಿ ಕಣ್ಣು ಬಿಟ್ಟಿತು, ಬೆರಳನ್ನೂ ಬಿಟ್ಟಿತು. ಆದರೆ ಆ ದನಿ? ಗುಡುಗಯ್ಯ ಇಲ್ಲೇ ಎಲ್ಲೋ ಅವಿತಿದ್ದಾನೆ! ಅದು ಹಾರಿ ಹುಣಿಸೆಮರದ ತುದಿಗೆ ಹೋಗಿ ಕೂತಿತು.

"ಯಾರು ಕೂಗಿದ್ದು?" ಎಂದಳು ದುಂಡವ್ವ ಸುತ್ತ ನೋಡುತ್ತ.

"ನಾನಲ್ಲ!" ಎಂದಿತು ಗೊರವಂಕ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ದುಂಡವ್ವನಿಗೆ ಅದನ್ನು ಗಮನಿಸುವ ಮನಸ್ಸಿರಲಿಲ್ಲ. ಅವಳು ಮರದ ತುದಿಯನ್ನೇ ನೋಡುತ್ತಿದ್ದಳು.

ಅಂದು ಗೊರವಂಕಕ್ಕೆ ಭುಜ ಮತ್ತೆ ಸಿಕ್ಕಿತು. ಹಾರಿ ಹೋಗಿ ಕೂತಿತು. ಯಾರೂ 'ಶ್' ಅನ್ನಲಿಲ್ಲ. ಆದರೆ ಭುಜ ಕುಣಿಯುತ್ತಿರಲಿಲ್ಲ. ಬೆರಳು ಬದನೆಕಾಯಿಯಷ್ಟು ಊದಿ ದುಂಡವ್ವನಿಗೆ ಉಜ್ಜುಗಲ್ಲನ್ನು ಹಿಡಿಯಲೂ ಆಗುತ್ತಿರಲಿಲ್ಲ. ಮರದ ಕೆಳಗೆ ಕೂತು ಮೇಲೆ ನೋಡುತ್ತಿದ್ದಳು. ಮೇಲೆ ಗಿಳಿ ಹಣ್ಣನ್ನು ಬಾಯಿಗೆ ಹಾಕಿಕೊಂಡು, ನುಂಗಲಾಗದೆ ಉಗುಳುತ್ತಿತ್ತು. ಅತ್ತಿಹಣ್ಣಿನ ಚೂರುಗಳು ಕೆಳಗೆ ಉದುರುತ್ತಿದ್ದವು.

"ಈ ಭುಜ ಯಾರದು?" ಎಂದು ಗೊರವಂಕ ಮೆಲ್ಲಗೆ ಕೇಳಿತು.

ದುಂಡವ್ವನಿಗೆ ಕೇಳಿಸಲೇ ಇಲ್ಲ.

ಮರುದಿನ ಬೆಳಿಗ್ಗೆ ಗೊರವಂಕ ಒಂದು ಲೆಕ್ಕ ಹಾಕಿತು. ಅವ್ವ ಯಾರಿಗೆ ಅರಿಶಿನ ಹಚ್ಚುತ್ತಾಳೋ ಅವರನ್ನು ನೋಡುತ್ತಾಳೆ. ನನಗೆ ಇವತ್ತಿನವರೆಗೂ ಅರಿಶಿನ ಹಚ್ಚಿಲ್ಲ. ಅದಕ್ಕೇ ನನ್ನನ್ನು ನೋಡುವುದಿಲ್ಲ! ಬುದ್ಧಿ ಎಷ್ಟು ಚುರುಕು ನೋಡು. ಅದು ಅರೆದಿಟ್ಟ ಅರಿಶಿನದ ಬಟ್ಟಲೊಳಗೆ ಇಳಿಯಿತು. ಎರಡು ಕಾಲೂ ಹಳದಿಯಾದವು. ಕೊಕ್ಕು ಅದ್ದಿತು, ಕೊಕ್ಕು ಹಳದಿಯಾಯಿತು. ಕಣ್ಣಿಗೆ ಗಾಯವಾದರೆ ಯಾರಿಗಾದರೂ ಕನಿಕರ ಹುಟ್ಟುತ್ತದೆ ಎಂದು ಬಟ್ಟಲ ಅಂಚಿಗೆ ಮುಖ ಉಜ್ಜಿ ಉಜ್ಜಿ ಎರಡೂ ಕಣ್ಣಿನ ಸುತ್ತ ಬಳಿದುಕೊಂಡಿತು.

"ಅವ್ವಾ, ನನ್ನ ಕಣ್ಣಿಗೆ ಗಾಯ!"

ದುಂಡವ್ವ ಬೆಚ್ಚಿ ತಿರುಗಿದಳು. ಊದಿದ ಕೈಯಲ್ಲೇ ಅದನ್ನು ಮಡಿಲಿಗೆ ಎತ್ತಿಕೊಂಡಳು. ಸೆರಗಿನಿಂದ ಒರೆಸಿದಳು, ಊದಿದಳು, ಗರಿ ಸರಿಸಿ ನೋಡಿದಳು.

"ಗಾಯ ಎಲ್ಲವ್ವಾ? ನಂಗೆ ಕಾಣ್ತಿಲ್ಲ."

ಎಷ್ಟು ದಿನಗಳಾಗಿದ್ದವು ಆ ಮಡಿಲಿಗೆ ಬಂದು! ಗೊರವಂಕಕ್ಕೆ ತಡೆಯಲಾಗಲಿಲ್ಲ. "ಎಲ್ಲೋ ಒಳಗಿದೆ" ಎಂದು ಬಿಕ್ಕಿತು. "ನೀನು ಅದನ್ನೇ ನೋಡ್ತೀಯ. ದಿನಾ ಅದನ್ನೇ ನೋಡ್ತೀಯ. ಅದಕ್ಕೇ ನಾನೇ ಕೂಗಿದೆ. ಗುಡುಗಯ್ಯನ ದನೀಲಿ ಕೂಗಿದ್ದು ನಾನೇ ಅವ್ವಾ."

ದುಂಡವ್ವನ ಕೈ ನಿಂತಿತು. ಅವಳು ಗೊರವಂಕವನ್ನು ಮಡಿಲಿನಿಂದ ತೆಗೆದು ನೆಲದ ಮೇಲಿಟ್ಟಳು. ಅದು ಅಭ್ಯಾಸದಂತೆ ಹಾರಿ ಭುಜದ ಮೇಲೆ ಕೂತಿತು.

"ಇಳಿ" ಎಂದಳು.

ಆ ಬಾಯಿಂದ ಅಂಥ ಮಾತು ಗೊರವಂಕ ಕೇಳಿದ್ದೇ ಇಲ್ಲ. ಇಳಿಯಿತು.

"ನಾಳೆಗೆ ಹುಣ್ಣಿಮೆ. ಆ ಹಕ್ಕಿ ಸಾಯ್ತದೆ. ನಿನ್ ಬಾಯಿಂದ ಕೆಟ್ಟದ್ದು ನಿನ್ ಬಾಯಿಂದ್ಲೇ ನೆಟ್ಟಗಾಗ್ಬೇಕು. ಮರ ಹತ್ತು."

ಗೊರವಂಕ ಹುಣಿಸೆಮರದ ಕೊಂಬೆಯಿಂದ ಕೊಂಬೆಗೆ ಹೋಯಿತು. ಗಿಳಿಯ ಕೆಂಪು ಕೊಕ್ಕು ನೋಡಿ ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು. ಒಂದು ಸಲ ಕಚ್ಚಿದರೆ ನನ್ನ ಕತೆ ಮುಗಿಯಿತು ಅಂದುಕೊಂಡಿತು. ಹೊಟ್ಟೆಕಿಚ್ಚು ಆಗಲೂ ಹೋಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೂ ಎಲ್ಲವನ್ನೂ ಹೇಳಿತು.

ಗಿಳಿ ಒಂದೇ ಕಣ್ಣಿನಿಂದ ನೋಡಿತು.

"ಸುಳ್ಳು" ಎಂದಿತು ಉಬ್ಬಸಪಡುತ್ತ. "ಅದು ಅವನೇ. ನೀನಾಗಿದ್ದರೆ ಮಾಡು ನೋಡೋಣ. ನನ್ನ ಕಣ್ಣೆದುರಿಗೆ ಮಾಡು."

"ನುಡಿಯೋ! ನನ್ನ ಹೆಸರ ನುಡಿಯೋ!"

ಗಿಳಿ ಹೆದರಿ ಹಿಂದಕ್ಕೆ ಬಿತ್ತು. ಒಂದು ಕಾಲಿನಲ್ಲಿ ತಲೆಕೆಳಗಾಗಿ ನೇತಾಡಿ, ಸಾವರಿಸಿಕೊಂಡು ಮೇಲೆ ಬಂತು. "ಇನ್ನೊಂದು ಸಲ" ಎಂದಿತು.

ಗೊರವಂಕ ಕೂಗಿತು. ಗಿಳಿಯ ಗರಿಗಳೆಲ್ಲ ನಿಮಿರಿದವು. "ಇನ್ನೊಂದು ಸಲ." ಗೊರವಂಕ ಕೂಗಿತು. ಗಿಳಿ ಬರೀ ಕಣ್ಣು ಮಿಟುಕಿಸಿತು. ಹತ್ತನೆಯ ಸಲ ಕೂಗಿದಾಗ ಗಿಳಿ ಕತ್ತು ಓರೆ ಮಾಡಿ ಹತ್ತಿರ ಬಂದು ಗೊರವಂಕದ ಬಾಯೊಳಗೆ ಇಣುಕಿತು.

"ನಿನ್ನ ಗಂಟಲು ಎಷ್ಟಿದೆ?"

"ಒಂದು ಕಡಲೆಕಾಯಿಯಷ್ಟು."

"ಅಷ್ಟರಲ್ಲಿ ಅವನು ಹಿಡಿಸಿದನಾ?"

"ಹಿಡಿಸಿದ."

"ಹಾಗಾದರೆ ನನ್ನ ಗಂಟಲಲ್ಲೂ ಹಿಡಿಸಬಹುದು" ಎಂದು ಗಿಳಿ ಬಾಯಿ ತೆರೆಯಿತು. ಅಷ್ಟು ಜಗ್ಗಿದರೂ ಎಚ್ಚರದಲ್ಲಿ ನುಡಿಯದ ಹಕ್ಕಿ ಅಂದು ತಾನಾಗಿಯೇ ನುಡಿಯಿತು. "ನುಡಿಯೋ!" ಎಂದಿತು. ಗೊರವಂಕ ಕಿಸಕ್ಕನೆ ನಕ್ಕಿತು. ಗಿಳಿ ಇನ್ನೂ ಜೋರಾಗಿ "ನುಡಿಯೋ!" ಎಂದಿತು.

ಕೆಳಗೆ ದುಂಡವ್ವ ಗುಡುಗಯ್ಯ ನಿಜವಾಗಿಯೂ ಬಂದನೆಂದು ಗುದ್ದಲಿ ಎತ್ತಿಕೊಂಡು ಓಡಿಬಂದಳು. ನೋಡಿದರೆ ಮರದ ಮೇಲೆ ಇಬ್ಬರು ಗುಡುಗಯ್ಯರು, ಒಬ್ಬನಿಗೆ ಕೆಂಪು ಮೂಗು, ಒಬ್ಬನಿಗೆ ಹಳದಿ ಮೂಗು. ಅವಳು ಗುದ್ದಲಿ ಕೆಳಗೆ ಹಾಕಿದಳು. ಮರಕ್ಕೆ ಬೆನ್ನು ಮಾಡಿ ಸುಮ್ಮನೆ ಕೂತಳು. ಕೈಯಲ್ಲಿ ಕಡ್ಡಿಯಿಲ್ಲ, ಹಣ್ಣೂ ಇಲ್ಲ.

ಗಿಳಿ ಇಳಿಯಿತು. ಕೊಕ್ಕಿನಿಂದ ಕೊಂಬೆ ಹಿಡಿದು, ಕಾಲು ಇಟ್ಟು, ಮತ್ತೆ ಕೊಕ್ಕಿನಿಂದ ಹಿಡಿದು, ಓರೆ ಓರೆಯಾಗಿ ಇಳಿಯಿತು. ದುಂಡವ್ವನ ಊದಿದ ಬೆರಳಿನ ಹತ್ತಿರ ಬಂದು ನಿಂತಿತು. ಬೆರಳನ್ನು ಕೊಕ್ಕಿನಲ್ಲಿ ಹಿಡಿಯಿತು. ಗಿಳಿ ಕಚ್ಚಲಿಲ್ಲ. ನೆಲ ಗಟ್ಟಿಯಿದೆಯೋ ಎಂದು ನಾವು ಕಾಲಿಟ್ಟು ನೋಡುವ ಹಾಗೆ ಒತ್ತಿ ನೋಡಿ, ಬೆರಳ ಮೇಲೆ ಹತ್ತಿತು. ತೋಳಿನ ಮೇಲೆ ಹತ್ತಿತು. ಕತ್ತು ಬಗ್ಗಿಸಿತು.

ಕುಡುಗೋಲು ತಂದರೆ ಬೆದರುತ್ತದೆ ಎಂದು ದುಂಡವ್ವ ಬಾಯಿಯನ್ನೇ ಅದರ ಕತ್ತಿಗೆ ತಂದಳು. ಗಿಳಿಯ ಕೊಕ್ಕು ಅವಳ ಕಣ್ಣಿನಿಂದ ಒಂದು ಬೆರಳು ದೂರದಲ್ಲಿತ್ತು. ಅವಳು ಹಲ್ಲಿನಿಂದ ನಾರನ್ನು ಕಚ್ಚಿ ಹರಿದಳು. ಗಿಳಿ ಅಲುಗಲಿಲ್ಲ. ಅವಳು ಅರಿಶಿನ ಹಚ್ಚಿದಳು. ಅವಳ ತುಟಿಯ ವೀಳ್ಯದ ಸುಣ್ಣ ಗಾಯಕ್ಕೆ ತಾಗಿತ್ತಲ್ಲ, ಕತ್ತಿನ ಸುತ್ತ ಗುಲಾಬಿ ಬಣ್ಣದ ಉಂಗುರ ಮೂಡಿತು. ಗಂಡುಗಿಳಿಗಳ ಕತ್ತಿನಲ್ಲಿ ಅದು ಈಗಲೂ ಇದೆ.

ಗಿಳಿ ತೋಳು ಹತ್ತಿ ಎಡ ಭುಜದ ಮೇಲೆ ಕೂತಿತು. ಗೊರವಂಕ ಕೆಳಗೆ ಬಂದು ದೂರದಲ್ಲಿ ನಿಂತಿತು. ಇಷ್ಟು ಕೂಗಿ ಗಂಟಲು ಹರಿದುಕೊಂಡವಳು ನಾನು, ಮುದ್ದು ಮಾತ್ರ ಅದಕ್ಕೆ ಎಂದು ಒಳಗೊಳಗೇ ಉರಿಯಿತು. ತಪ್ಪು ಮಾಡಿದವರೂ ಉರಿಯುತ್ತಾರೆ ಮಗಾ, ಅದೇ ವಿಚಿತ್ರ.

"ಯಾಕೆ ಅಲ್ಲೇ ನಿಂತ್ಕೊಂಡೆ?" ಎಂದಳು ದುಂಡವ್ವ.

"ನೀನೇ ಇಳಿ ಅಂದೆಯಲ್ಲ."

"ಇಳಿ ಅಂದೆ. ಹತ್ತಬ್ಯಾಡ ಅಂದ್ನಾ?"

ಗೊರವಂಕ ಆದರೂ ಬರಲಿಲ್ಲ. ನೆಲ ಕೆರೆಯುತ್ತ ನಿಂತಿತು. ಆಗ ದುಂಡವ್ವ ಮೆಲ್ಲಗೆ ಕೇಳಿದಳು, "ಅವತ್ತು ಕಾಲು ಉಳುಕಿತ್ತಲ್ಲವ್ವಾ. ಈಗ ಹೆಂಗದೆ?"

"ಉಳುಕಿರಲಿಲ್ಲ" ಎಂದಿತು ಗೊರವಂಕ ತಲೆ ತಗ್ಗಿಸಿ.

"ಗೊತ್ತು. ಆದ್ರೂ ಸಂಜೀಕೆ ನಾನು ಕೇಳ್ಬೇಕಾಗಿತ್ತು."

ಗೊರವಂಕ ಹಾರಿಬಂದು ಬಲ ಭುಜದ ಮೇಲೆ ಕೂತಿತು. ದುಂಡವ್ವ ಅದರ ಮುಖವನ್ನು ನದಿಯ ನೀರಿನಲ್ಲಿ ಎಷ್ಟು ತೊಳೆದರೂ ಹಳದಿ ಹೋಗಲಿಲ್ಲ. "ಗಾಯ ಇದ್ದಿದ್ದರೆ ಅರಿಶಿನ ಒಳಗೆ ಇಳಿದು ಮಾಯವಾಗುತ್ತಿತ್ತು. ಗಾಯವೇ ಇಲ್ಲ, ಅದು ಹೋಗಬೇಕು ಅಂದರೂ ಎಲ್ಲಿಗೆ ಹೋಗುತ್ತದೆ?" ಎಂದಿತು ನದಿ. ಅಂದಿನಿಂದ ದುಂಡವ್ವ ಗುದ್ದಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಾಡಿದಳು.

ಗೊರವಂಕದ ಹೊಟ್ಟೆಕಿಚ್ಚು ಪೂರ್ತಿ ಹೋಯಿತಾ ಅಂತ ಕೇಳುತ್ತೀಯ. ನನ್ನದೇ ಇನ್ನೂ ಹೋಗಿಲ್ಲ, ಅದರದು ಹೇಗೆ ಹೋಗುತ್ತದೆ? ನಾಳೆ ನಮ್ಮ ಹುಣಿಸೆಮರದ ಹತ್ತಿರ ಹೋಗಿ ನೋಡು: ಪೊಟರೆಯೊಳಗೆ ಗಿಳಿ ಕೂತಿದ್ದರೆ, ಕಣ್ಣಿನ ಸುತ್ತ ಅರಿಶಿನ ಬಳಿದುಕೊಂಡ ಗೊರವಂಕ ಬಾಗಿಲಲ್ಲೇ ನಿಂತು ಜಾಗಕ್ಕಾಗಿ ಬೈಯುತ್ತಿರುತ್ತದೆ, ಆದರೆ ಬೆಕ್ಕೋ ಹಾವೋ ಮರ ಹತ್ತಿದರೆ ಗಿಳಿಗೆ ಕೇಳಿಸಲೆಂದು ಎಲ್ಲರಿಗಿಂತ ಮೊದಲು, ತನ್ನ ಸ್ವಂತ ದನಿಯಲ್ಲೇ, ಗಂಟಲು ಹರಿಯುವ ಹಾಗೆ ಕೂಗುವುದೂ ಅದೇ.